ತಪ್ಪು ಒಪ್ಪಿಕೊಂಡ ಡಾಕ್ಟರ್

ಊರಿಂದ ಕರ್ಕೊಂಡು ಬಂದು ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಮಾಡಿಸಿದ್ದೆ. ಮುಗಿದು ಒಂದೂವರೆ ಗಂಟೆಯಾದರೂ ಹೊರಗೆ ಕರೆತರಲಿಲ್ಲ. ಕೊನೆಗೆ ಅರಿವಳಿಕೆ ಕೊಟ್ಟ ಡಾಕ್ಟರೇ ಬಂದರು.

"ನನ್ನಿಂದ ತಪ್ಪಾಯ್ತು. ಸ್ನಾಯು ಸಡಿಲ ಮಾಡೋ ಔಷಧಿಯ ಪ್ರಭಾವ ಇಳಿಸೋ ಇಂಜೆಕ್ಷನ್ ಕೊಡಬೇಕಿತ್ತು. ಅದರ ಬದಲು ಸಡಿಲ ಮಾಡೋದನ್ನೇ ಇನ್ನೊಂದು ಸಲ ಕೊಟ್ಟೆ. ತಕ್ಷಣ ಗೊತ್ತಾಗಿ ಮತ್ತೆ ನಿದ್ದೆ ಬರಿಸಿ ವೆಂಟಿಲೇಟರ್‌ನಲ್ಲೇ ಇಟ್ವಿ. ಈಗ ಚೆನ್ನಾಗಿದಾರೆ."

ಮಾವ ಎದ್ದು ನಿಂತರು. "ಕೇಸ್ ಹಾಕಲೇಬೇಕು ಕಣೋ!" ನನಗೂ ಮೈ ಉರಿದಿತ್ತು.

ರಾತ್ರಿ ಬೆಂಚಿನ ಮೇಲೆ ಕೂತು ಮೊಬೈಲಲ್ಲಿ ಓದಿದೆ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 277 ಆಪರೇಷನ್‌ಗಳನ್ನು ಪಕ್ಕದಲ್ಲೇ ನಿಂತು ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. 3,671 ಸಲ ಔಷಧಿ ಕೊಟ್ಟಾಗ 193 ಸಲ ತಪ್ಪೋ, ಔಷಧಿಯಿಂದ ತೊಂದರೆಯೋ ಆಗಿತ್ತು. ಹೆಚ್ಚುಕಮ್ಮಿ ಇಪ್ಪತ್ತಕ್ಕೆ ಒಂದು! ವಾರ್ಡಿನಲ್ಲಾದರೆ ಡಾಕ್ಟರ್ ಬರೀತಾರೆ, ಫಾರ್ಮಸಿಯವರು ನೋಡ್ತಾರೆ, ನರ್ಸ್ ಕೊಡ್ತಾರೆ. ಥಿಯೇಟರಿನಲ್ಲಿ ಈ ಮೂರೂ ಕೆಲಸ ಒಬ್ಬರದೇ. ಕೋಡ್ ಬರೆದವನೇ ರಿವ್ಯೂ ಮಾಡಿ, ನೇರ ಪ್ರೊಡಕ್ಷನ್‌ಗೆ ಹಾಕಿದ ಹಾಗೆ. ಸಿರಿಂಜಿಗೆ ಬಣ್ಣದ ಲೇಬಲ್ ಅಂಟಿಸೋ ಪದ್ಧತಿ ಇದೆ. ಅದರಲ್ಲೂ ಸಡಿಲ ಮಾಡೋದಕ್ಕೆ ಕೆಂಪು, ಅದನ್ನು ಇಳಿಸೋದಕ್ಕೂ ಕೆಂಪೇ. ಬಿಳಿ ಓರೆಗೆರೆಗಳಷ್ಟೇ ವ್ಯತ್ಯಾಸ.

ಹೋದ ವರ್ಷ ನಾನೂ ಒಂದು ತಪ್ಪು ಕಮ್ಯಾಂಡ್ ಕೊಟ್ಟು ಗ್ರಾಹಕರ ಡೇಟಾ ಅಳಿಸಿದ್ದೆ. ನಾನೇ ಹೋಗಿ ಹೇಳಿದೆ. ರಿಪೋರ್ಟಿನಲ್ಲಿ ನನ್ನ ಹೆಸರಿರಲಿಲ್ಲ. ಯಾರು ಮಾಡಿದ್ದು ಅಂತಲ್ಲ, ಹೇಗಾಯ್ತು ಅಂತ ಕೇಳಿದ್ರು. ನಿಜ, ಅಲ್ಲಿ ಬ್ಯಾಕಪ್ ಇತ್ತು. ಅಮ್ಮನಿಗೆ ಬ್ಯಾಕಪ್ ಇಲ್ಲ. ಎರಡೂ ಒಂದೇ ಅಂತ ನಾನು ವಾದಿಸಲ್ಲ. ಕುಡಿದು ಬಂದು ಮಾಡಿದ ತಪ್ಪು, ಎಚ್ಚರಿಸಿದರೂ ಮತ್ತೆ ಮತ್ತೆ ಮಾಡೋ ತಪ್ಪು, ಇವಕ್ಕೆ ಶಿಕ್ಷೆ ಆಗಲೇಬೇಕು.

ಆದರೆ ಆಕೆ ಸುಮ್ಮನಿದ್ದಿದ್ದರೆ? "ಎಚ್ಚರ ಆಗೋಕೆ ಸ್ವಲ್ಪ ತಡ ಆಯ್ತು" ಅಂದಿದ್ದರೆ ನಾವು ಕೈಮುಗಿದು ಮನೆಗೆ ಹೋಗ್ತಿದ್ವಿ. ಹಾಗಾದ್ರೆ ಈಗ ಕೇಸ್ ಹಾಕೋದು ತಪ್ಪು ಮಾಡಿದ್ದಕ್ಕೋ, ಹೇಳಿದ್ದಕ್ಕೋ? ಮುಚ್ಚಿಟ್ಟವರು ನಮ್ಮ ಕೈಗೆ ಸಿಗೋದೇ ಇಲ್ಲ. ಸಿಗೋರು ಪ್ರಾಮಾಣಿಕರು ಮಾತ್ರ. ಅವರನ್ನೇ ಹೊಡೆದರೆ, ಪಕ್ಕದಲ್ಲಿ ನಿಂತು ನೋಡ್ತಿರೋ ಜೂನಿಯರ್ ಕಲಿಯೋದು ಒಂದೇ ಪಾಠ: ಬಾಯಿ ಬಿಡಬೇಡ.

ಮರುದಿನ ಕೇಳಿದೆ, "ಮುಂದೆ ಹೀಗಾಗದ ಹಾಗೆ ಏನ್ ಮಾಡ್ತೀರಾ ಮೇಡಮ್?"

"ಎರಡನ್ನೂ ಒಂದೇ ಟ್ರೇಯಲ್ಲಿ ಇಡೋದು ನಿಲ್ಲಿಸಿದೀವಿ. ಕೊಡೋ ಮುಂಚೆ ಇನ್ನೊಬ್ಬರು ಲೇಬಲ್ ಗಟ್ಟಿಯಾಗಿ ಓದ್ತಾರೆ."

ನಾನು ಕೇಸ್ ಹಾಕಲಿಲ್ಲ. ಮಾವ ಇವತ್ತಿಗೂ ಒಪ್ಪಿಲ್ಲ. "ನಿಮ್ಮಮ್ಮ ಎದ್ದು ಕೂತಿದ್ದಕ್ಕೆ ಈ ಮಾತು. ಏಳದೇ ಇದ್ದಿದ್ರೆ?" ಅಂತಾರೆ.

ಆಗಲೂ ನನ್ನ ತರ್ಕ ಸರಿಯೇ ಇರ್ತಿತ್ತು. ಅದನ್ನು ಹೇಳೋಕೆ ನನಗೆ ಬಾಯಿ ಬರ್ತಿತ್ತಾ, ಗೊತ್ತಿಲ್ಲ.