ಇಂದಿನ ಧಮ್ಮಚಿಂತನೆ: ಕುದುರೆ, ಚಾವಟಿ ಮತ್ತು ನಮ್ಮ ಸಿಟ್ಟು



ಮೊನ್ನೆ ಭಾನುವಾರ ನಮ್ಮ ಬಳಗದ ಗುಂಪಿಗೆ ಒಂದು ಹಳೆಯ ವಿಡಿಯೊ ಬಂತು. ಒಲಿಂಪಿಕ್ಸ್ ಮೈದಾನ. ಕುದುರೆಯ ಮೇಲೆ ಕೂತ ಹೆಣ್ಣುಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ. ಅಳುತ್ತಲೇ ಕುದುರೆಗೆ ಚಾವಟಿಯಿಂದ ಹೊಡೆಯುತ್ತಿದ್ದಾರೆ. ಬೇಲಿಯಾಚೆ ನಿಂತ ತರಬೇತುದಾರರು ಇನ್ನೂ ಜೋರಾಗಿ ಹೊಡಿ ಎಂದು ಕೂಗುತ್ತಾರೆ. ಕುದುರೆ ಹತ್ತಿರ ಬಂದಾಗ ತಾವೇ ಮುಷ್ಟಿಯಿಂದ ಅದನ್ನು ಗುದ್ದಿದಂತೆ ಕಾಣುತ್ತದೆ. ಕುದುರೆ ಮಾತ್ರ ಹಿಂದೆ ಹಿಂದೆ ಸರಿಯುತ್ತದೆ, ಮುಂದೆ ಹೆಜ್ಜೆ ಇಡುವುದಿಲ್ಲ.

ನೋಡಿದವರಿಗೆಲ್ಲ ಕರುಳು ಚುರುಕ್ ಎಂದಿತು. ಅದು ಸಹಜ, ಒಳ್ಳೆಯದೂ ಹೌದು. ಆದರೆ ಸ್ವಲ್ಪ ಹೊತ್ತಿನಲ್ಲೇ ಗುಂಪಿನಲ್ಲಿ ಬಂದ ಮಾತುಗಳನ್ನು ನೋಡಿ. ಒಬ್ಬರು, 'ಅದೇ ಚಾವಟಿಯಲ್ಲಿ ಅವಳಿಗೆ ಬಾರಿಸಬೇಕು' ಎಂದರು. ಇನ್ನೊಬ್ಬರು, 'ಇಂಥವರ ಚರ್ಮ ಸುಲಿಯಬೇಕು' ಎಂದರು. ಅಂದು ಬೆಳಗ್ಗೆಯಷ್ಟೇ ನಾವೆಲ್ಲ ಒಟ್ಟಿಗೆ ಕೂತು, ಸಕಲ ಜೀವಿಗಳೂ ಸುಖವಾಗಿರಲಿ ಎಂದು ಮೈತ್ರಿ ಭಾವನೆ ಮಾಡಿ ಎದ್ದಿದ್ದೆವು. ಬರೆದವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಆ ಮೊದಲನೆಯ ಮಾತಿಗೆ ಹೆಬ್ಬೆರಳು ಒತ್ತಿ ಮೆಚ್ಚುಗೆ ಸೂಚಿಸಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಇಂದಿನ ಚಿಂತನೆ ಮೊದಲು ನನಗೆ, ಆಮೇಲೆ ನಿಮಗೆ.

*ಅಂದು ನಡೆದದ್ದೇನು?*

ಅದು 2021ರ ಆಗಸ್ಟ್ 6, ಟೋಕಿಯೊ. ಮಾಡರ್ನ್ ಪೆಂಟಾಥ್ಲಾನ್ ಎಂಬ ಸ್ಪರ್ಧೆ. ಕತ್ತಿವರಸೆ, ಈಜು, ಕುದುರೆ ಸವಾರಿ, ಗುಂಡು ಹಾರಿಸುವುದು, ಓಟ, ಈ ಐದೂ ಸೇರಿದ ಆಟ. ಜರ್ಮನಿಯ ಅನಿಕಾ ಶ್ಲಾಯ್ ಕತ್ತಿವರಸೆ ಮತ್ತು ಈಜು ಮುಗಿದಾಗ ಎಲ್ಲರಿಗಿಂತ ಮುಂದಿದ್ದರು. ಚಿನ್ನದ ಪದಕ ಕಣ್ಣೆದುರಿಗೇ ಇತ್ತು.

ಈ ಆಟದ ಸವಾರಿಯಲ್ಲಿ ಒಂದು ವಿಚಿತ್ರ ನಿಯಮವಿತ್ತು. ಸವಾರರು ತಮ್ಮ ಕುದುರೆಯನ್ನು ತರುವಂತಿಲ್ಲ. ಯಾವ ಕುದುರೆ ಯಾರಿಗೆ ಎಂದು ಚೀಟಿ ಎತ್ತುತ್ತಾರೆ. ಕುದುರೆಯೂ ಮನುಷ್ಯನೂ ಪರಸ್ಪರ ಪರಿಚಯವಾಗಲು ಸಿಗುವುದು 20 ನಿಮಿಷ. ಆಮೇಲೆ ಒಟ್ಟಿಗೆ ಬೇಲಿಗಳನ್ನು ಹಾರಬೇಕು. ಶ್ಲಾಯ್ ಅವರ ಪಾಲಿಗೆ ಬಂದದ್ದು ಸೇಂಟ್ ಬಾಯ್ ಎಂಬ ಕುದುರೆ. ಅಂದೇ, ಅವರಿಗಿಂತ ಮೊದಲು ಹತ್ತಿದ್ದ ರಷ್ಯಾದ ಸವಾರರ ಕೈಯಲ್ಲೂ ಅದು ಬೇಲಿ ಹಾರಲು ಒಪ್ಪಿರಲಿಲ್ಲ. ಬೆದರಿದ ಕುದುರೆ, ಬೆದರಿದ ಸವಾರ. ಮುಂದಿನದನ್ನು ನೀವು ವಿಡಿಯೊದಲ್ಲಿ ನೋಡಿದ್ದೀರಿ. ಸವಾರಿಯಲ್ಲಿ ಒಂದು ಅಂಕವೂ ಬರಲಿಲ್ಲ. ಮೊದಲನೆಯ ಸ್ಥಾನದಲ್ಲಿದ್ದವರು 31ನೆಯ ಸ್ಥಾನಕ್ಕೆ ಇಳಿದರು. ತರಬೇತುದಾರರಾದ ಕಿಮ್ ರೈಸ್ನರ್ ಅವರನ್ನು ಉಳಿದ ಸ್ಪರ್ಧೆಯಿಂದ ಹೊರಗಿಟ್ಟರು.

ಆಮೇಲೆ ಜಗತ್ತಿನ ಸಿಟ್ಟು ಎರಡು ಕಾಲುವೆಯಾಗಿ ಹರಿಯಿತು.

ಒಂದು ಕಾಲುವೆ ಆ ಹೆಣ್ಣುಮಗಳ ಕಡೆ ಹರಿಯಿತು. ಬೈಗುಳ, ದ್ವೇಷದ ಸಂದೇಶಗಳು ಎಷ್ಟು ಬಂದವೆಂದರೆ ಆಕೆ ತಮ್ಮ ಇನ್‌ಸ್ಟಾಗ್ರಾಮ್ ಖಾತೆಯನ್ನೇ ಮುಚ್ಚಬೇಕಾಯಿತು. ತಾನು ಕುದುರೆಗೆ ಹಿಂಸೆ ಕೊಟ್ಟಿಲ್ಲ ಎಂಬುದು ಆಕೆಯ ಮಾತು. ಅದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಇನ್ನೊಂದು ಕಾಲುವೆ ನಿಯಮದ ಕಡೆ ಹರಿಯಿತು. ಪರಿಚಯವೇ ಇಲ್ಲದ ಕುದುರೆಯ ಬೆನ್ನಿಗೆ 20 ನಿಮಿಷದಲ್ಲಿ ಒಬ್ಬರನ್ನು ಹತ್ತಿಸಿ, ಗೆಲ್ಲು ಎನ್ನುವುದು ಸರಿಯೇ ಎಂದು ಜನ ಕೇಳಿದರು. ಆ ಪ್ರಶ್ನೆಗೆ ಫಲ ಸಿಕ್ಕಿತು. ಕುದುರೆ ಸವಾರಿಯನ್ನು ಆ ಆಟದಿಂದಲೇ ತೆಗೆಯುವುದೆಂದು ಅದರ ಅಂತಾರಾಷ್ಟ್ರೀಯ ಸಂಸ್ಥೆ ಅದೇ ವರ್ಷದ ಕೊನೆಯೊಳಗೆ ನಿರ್ಧರಿಸಿತು. 1912ರಿಂದ ಒಲಿಂಪಿಕ್ಸ್‌ನಲ್ಲಿದ್ದ ಆಟ ಅದು. 2024ರ ಪ್ಯಾರಿಸ್ ಒಲಿಂಪಿಕ್ಸ್ ಅದರ ಕುದುರೆಗಳಿಗೆ ಕೊನೆಯದಾಯಿತು.

ಈಗ ಯೋಚಿಸಿ. ಆ ಕುದುರೆಗೆ, ಅದರಂಥ ಇತರ ಕುದುರೆಗಳಿಗೆ ಉಪಕಾರವಾದದ್ದು ಯಾವ ಕಾಲುವೆಯಿಂದ? ಬೈಗುಳದಿಂದ ಒಂದು ಕುದುರೆಯ ಒಂದು ಬಾಸುಂಡೆಯೂ ಮಾಯಲಿಲ್ಲ.

*ಕೇಸಿಯ ಪ್ರಶ್ನೆ*

ಅಂಗುತ್ತರ ನಿಕಾಯದ ಚತುಕ್ಕ ನಿಪಾತದಲ್ಲಿ ಕೇಸಿ ಸುತ್ತ ಎಂದಿದೆ. ಕೇಸಿ ಕುದುರೆ ಪಳಗಿಸುವುದರಲ್ಲಿ ಹೆಸರಾದವನು. ಅವನು ಭಗವಾನರ ಬಳಿ ಬಂದಾಗ ಅವರು ಅವನ ಕಸುಬಿನ ಮಾತನ್ನೇ ಎತ್ತುತ್ತಾರೆ, ಕುದುರೆಯನ್ನು ಹೇಗೆ ಪಳಗಿಸುತ್ತೀಯೆ ಎಂದು ಕೇಳುತ್ತಾರೆ. ಕೆಲವನ್ನು ಮೃದುವಾಗಿ, ಕೆಲವನ್ನು ಕಠಿಣವಾಗಿ, ಕೆಲವನ್ನು ಎರಡೂ ಸೇರಿಸಿ ಎನ್ನುತ್ತಾನೆ ಕೇಸಿ. ಮೂರಕ್ಕೂ ಬಗ್ಗದಿದ್ದರೆ? ಕೊಂದುಬಿಡುತ್ತೇನೆ ಎನ್ನುತ್ತಾನೆ. ಯಾಕೆಂದರೆ ತನ್ನ ಗುರುಮನೆಗೆ ಕೆಟ್ಟ ಹೆಸರು ಬರಬಾರದು.

ಈ ಕಾರಣವನ್ನು ಗಮನಿಸಿ ಬಂಧುಗಳೇ. ಕೇಸಿಗೆ ಕುದುರೆಯ ಮೇಲೆ ಹಗೆ ಇಲ್ಲ. ಅವನು ಹೆದರುವುದು ಹೆಸರು ಹೋದೀತೆಂದು. ಟೋಕಿಯೊದಲ್ಲಿ ಚಾವಟಿ ಎತ್ತಿದ ಕೈಯಲ್ಲೂ ಬಹುಶಃ ಇದ್ದದ್ದು ಅಂಥದೇ ಭಯ. ಕೈಗೆ ಬಂದ ಪದಕ ಜಾರುತ್ತಿದೆ, ದೇಶವೆಲ್ಲ ನೋಡುತ್ತಿದೆ ಎಂಬ ಭಯ. ಕ್ರೌರ್ಯ ಯಾವಾಗಲೂ ಕೋರೆಹಲ್ಲು ಮಸೆದುಕೊಂಡು ಬರುವುದಿಲ್ಲ. ಎಷ್ಟೋ ಸಲ ಅದು ಮಾನ ಹೋದೀತೆಂಬ ಹೆದರಿಕೆಯಾಗಿ, ಕಣ್ಣೀರು ಸುರಿಸುತ್ತಲೇ ಬರುತ್ತದೆ.

ಕೇಸಿ ಈಗ ತಿರುಗಿ ಕೇಳುತ್ತಾನೆ, ತಾವು ಮನುಷ್ಯರನ್ನು ಹೇಗೆ ಪಳಗಿಸುತ್ತೀರಿ ಎಂದು. ಭಗವಾನರೂ ಅದೇ ಕ್ರಮ ಹೇಳುತ್ತಾರೆ: ಮೃದುವಾಗಿ, ಕಠಿಣವಾಗಿ, ಎರಡೂ ಸೇರಿಸಿ. ಆದರೆ ಅವರ 'ಕಠಿಣ' ಯಾವುದು? ಅಲ್ಲಿ ಕೋಲಿಲ್ಲ, ಬೈಗುಳವಿಲ್ಲ. ದೇಹದಿಂದ, ಮಾತಿನಿಂದ, ಮನಸ್ಸಿನಿಂದ ಮಾಡಿದ ಕೆಡುಕು ಇದು, ಇದರ ಫಲ ಇದು ಎಂದು ಮುಚ್ಚುಮರೆಯಿಲ್ಲದೆ ತಿಳಿಸುವುದೇ ಅವರ ಕಠಿಣ ಶಿಕ್ಷಣ. ಮೃದು ಎಂದರೆ ಒಳಿತು ಇದು, ಇದರ ಫಲ ಇದು ಎಂದು ತಿಳಿಸುವುದು. ಎರಡರಲ್ಲೂ ಕೇಳುವವನ ತಿಳಿವಳಿಕೆಯ ಮೇಲೆ ನಂಬಿಕೆಯಿದೆ.

ಮೂರಕ್ಕೂ ಬಗ್ಗದಿದ್ದರೆ? ಕೊಲ್ಲುತ್ತೇನೆ ಎನ್ನುತ್ತಾರೆ ಭಗವಾನರು! ಕೇಸಿ ಬೆಚ್ಚಿಬೀಳುತ್ತಾನೆ, ಪ್ರಾಣಹತ್ಯೆ ತಮಗೆ ಸಲ್ಲದಲ್ಲ ಎನ್ನುತ್ತಾನೆ. ನಿಜ, ಸಲ್ಲದು. ಅಂಥವನಿಗೆ ಬುದ್ಧಿ ಹೇಳುವುದನ್ನು ತಥಾಗತರೂ ಬಿಡುತ್ತಾರೆ, ಜೊತೆಗಿರುವ ಭಿಕ್ಖುಗಳೂ ಬಿಡುತ್ತಾರೆ. ಆರ್ಯವಿನಯದಲ್ಲಿ ಕೊಲ್ಲುವುದೆಂದರೆ ಇದೇ ಎಂದು ವಿವರಿಸುತ್ತಾರೆ. ಬುದ್ಧಿ ಹೇಳಲೂ ಯಾರಿಲ್ಲದ ಸ್ಥಿತಿ ಸಾವಿಗೆ ಸಮ ಎಂಬುದು ಕೇಸಿಗೆ ತಕ್ಷಣ ಹೊಳೆಯುತ್ತದೆ. ಅವನು ಅಲ್ಲೇ ಉಪಾಸಕನಾಗುತ್ತಾನೆ.

*ಛನ್ನನ ಕಥೆ*

ಈ ಕೊನೆಯ ದಂಡವನ್ನು ಸಂಘ ಒಬ್ಬರಿಗೆ ನಿಜವಾಗಿಯೂ ವಿಧಿಸಿತು. ಅವರು ಬೇರೆ ಯಾರೂ ಅಲ್ಲ, ಛನ್ನ. ಸಿದ್ಧಾರ್ಥ ಮನೆ ಬಿಟ್ಟ ರಾತ್ರಿ ಕಂಥಕ ಕುದುರೆಯ ಜೊತೆ ಬಂದ ಛನ್ನನೇ ಇವರು ಎನ್ನುತ್ತದೆ ಪರಂಪರೆ. ಭಿಕ್ಖುವಾದ ಮೇಲೆ ಅವರಿಗೆ ಅಹಂಕಾರ ಬಂತು. ಯಾರ ಬುದ್ಧಿಮಾತನ್ನೂ ಕೇಳದಾದರು. ಪರಿನಿಬ್ಬಾಣಕ್ಕೆ ಮುಂಚೆ ಭಗವಾನರು ಅವರಿಗೆ ಬ್ರಹ್ಮದಂಡ ವಿಧಿಸುವಂತೆ ಆನಂದರಿಗೆ ಹೇಳಿದರು. ಛನ್ನ ಏನು ಬೇಕಾದರೂ ಮಾತಾಡಲಿ, ಭಿಕ್ಖುಗಳು ಅವರೊಡನೆ ಮಾತಾಡಬಾರದು, ಉಪದೇಶ ಮಾಡಬಾರದು, ಇಷ್ಟೇ ದಂಡ. ಹೊಡೆತವಿಲ್ಲ, ಶಾಪವಿಲ್ಲ, ಹೆಸರು ಹಿಡಿದು ಹೀಗಳೆಯುವುದಿಲ್ಲ.

ಆನಂದರು ಇದನ್ನು ತಿಳಿಸಿದಾಗ ಛನ್ನ ಅಲ್ಲೇ ಕುಸಿದುಬಿದ್ದರು. ಇಷ್ಟರಿಂದಲೇ ನಾನು ಸತ್ತಂತಾಯಿತಲ್ಲ ಎಂದು ನೊಂದರು. ಆಮೇಲೆ ಒಬ್ಬಂಟಿಯಾಗಿ ಸಾಧನೆಗೆ ಕೂತರು, ಅರಹಂತರಾದರು. ದಂಡವನ್ನು ತೆಗೆಯಿರಿ ಎಂದು ಆನಂದರ ಬಳಿ ಬಂದಾಗ ಅವರು ಹೇಳಿದ್ದು, ನೀವು ಅರಹಂತರಾದ ಗಳಿಗೆಯಲ್ಲೇ ಅದು ತಾನಾಗಿ ಇಳಿದುಹೋಗಿದೆ ಎಂದು. ಧಮ್ಮದಲ್ಲಿ ಅತ್ಯಂತ ಕಠಿಣವಾದ ದಂಡಕ್ಕೂ ಹಿಂತಿರುಗಿ ಬರುವ ಬಾಗಿಲು ಇದೆ. ನಮ್ಮ ವಾಟ್ಸಾಪ್ ತೀರ್ಪುಗಳಿಗೆ ಆ ಬಾಗಿಲು ಇದೆಯೇ?

ಹಾಗೆಂದು ಹಿಂಸೆಯನ್ನು ನೋಡಿಯೂ ಸುಮ್ಮನಿರಿ ಎಂದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮುಂಚೆ ಇನ್ನೊಂದು ವಿಡಿಯೊ ಹೊರಬಂತು. ಡ್ರೆಸಾಜ್ ಎಂದರೆ ಕುದುರೆ ಸವಾರರ ಸೂಕ್ಷ್ಮ ಸನ್ನೆಗೆ ನಾಜೂಕಾಗಿ ಹೆಜ್ಜೆ ಹಾಕುವ ಸ್ಪರ್ಧೆ. ಅದರಲ್ಲಿ ಬ್ರಿಟನ್ನಿನ ಶಾರ್ಲೆಟ್ ದುಜಾರ್ಡಿನ್ 6 ಒಲಿಂಪಿಕ್ ಪದಕ ಗೆದ್ದವರು. ಅವರು ಬೇರೊಬ್ಬರಿಗೆ ಪಾಠ ಹೇಳುವಾಗ, ನೆಲದ ಮೇಲೆ ನಿಂತು ಉದ್ದ ಚಾವಟಿಯಿಂದ ಕುದುರೆಯ ಕಾಲಿಗೆ ಮತ್ತೆ ಮತ್ತೆ ಹೊಡೆದದ್ದು ಆ ವಿಡಿಯೊದಲ್ಲಿತ್ತು. ಅವರು ತಪ್ಪನ್ನು ಒಪ್ಪಿಕೊಂಡು, ನಾಚಿಕೆಯಾಗಿದೆ ಎಂದು ಹೇಳಿ, ಒಲಿಂಪಿಕ್ಸ್‌ನಿಂದ ತಾವಾಗಿ ಹಿಂದೆ ಸರಿದರು. ಕುದುರೆ ಕ್ರೀಡೆಗಳ ಅಂತಾರಾಷ್ಟ್ರೀಯ ಒಕ್ಕೂಟ ವಿಚಾರಣೆ ನಡೆಸಿ ಒಂದು ವರ್ಷದ ನಿಷೇಧ, 10,000 ಸ್ವಿಸ್ ಫ್ರಾಂಕ್ ದಂಡ ವಿಧಿಸಿತು. ಅದು ಸಾಕಾಯಿತೇ, ಕಡಿಮೆಯಾಯಿತೇ ಎಂದು ಚರ್ಚೆ ಮಾಡಬಹುದು. ಆದರೆ ಆ ದಂಡಕ್ಕೆ ಒಂದು ಅಳತೆ ಇತ್ತು, ಒಂದು ಕೊನೆಯ ದಿನ ಇತ್ತು. ಸಿಟ್ಟಿಗೆ ಅಳತೆಯೂ ಇಲ್ಲ, ಕೊನೆಯ ದಿನವೂ ಇಲ್ಲ.

*ನನ್ನ ಕೈಯ ಚಾವಟಿ*

ಈಗ ನನ್ನ ಮಾತು. ನಾನು ಕನ್ನಡ ಮೇಷ್ಟ್ರು. ತರಗತಿಯಲ್ಲಿ ಕೋಲು ಹಿಡಿಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಕಾನೂನೂ ಅದನ್ನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ಮೈಮೇಲಿನ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕೋಲು ಬಿಟ್ಟೆ ಎಂಬ ಹೆಮ್ಮೆ ನನಗಿತ್ತು.

ಆ ವಿಡಿಯೊ ಬಂದ ಮರುದಿನ, ಸೋಮವಾರ, ಸಿಆರ್‌ಪಿಯವರು ತರಗತಿ ನೋಡಲು ಬಂದಿದ್ದರು. ಹುಡುಗನೊಬ್ಬನನ್ನು ಎಬ್ಬಿಸಿ ಪಾಠ ಓದು ಎಂದೆ. ಒಂದೆರಡು ಪದ ಓದಿ ನಿಂತ. ಓದು ಎಂದೆ. ಮತ್ತೆ ಎರಡು ಪದ, ಮತ್ತೆ ನಿಂತ. ನನ್ನ ದನಿ ಏರಿತು. ಅವನು ಪುಸ್ತಕ ಹಿಡಿದು ಬೆವರುತ್ತ ನಿಂತೇ ಇದ್ದ. 'ಎಮ್ಮೆ ಕಾಯೋಕೆ ಹೋಗು, ಅದೇ ನಿನಗೆ ಸರಿ' ಎಂದುಬಿಟ್ಟೆ. ಮಕ್ಕಳೆಲ್ಲ ನಕ್ಕರು. ಅವನು ಪುಸ್ತಕ ಮುಚ್ಚಿ ಕೂತ. ಆ ಮಾತು ನಮ್ಮಂಥವರ ಮನೆಯ ಮಕ್ಕಳಿಗೆ ತಲೆತಲಾಂತರದಿಂದ ಬೀಳುತ್ತಾ ಬಂದಿರುವ ಚಾವಟಿ. ಅದರ ಉರಿ ನಾನೇ ಬಲ್ಲೆ. ಬಲ್ಲವನೇ ಬೀಸಿದೆ.

ಸಂಜೆ ಅವನನ್ನು ಕೂರಿಸಿಕೊಂಡು ಓದಿಸಿದೆ. ಆಗ ತಿಳಿಯಿತು. ಹುಡುಗ ನಿಲ್ಲುತ್ತಿದ್ದದ್ದು ಒತ್ತಕ್ಷರ ಬಂದ ಕಡೆ ಮಾತ್ರ. ಬಿಡಿ ಅಕ್ಷರಗಳನ್ನು ಸಲೀಸಾಗಿ ಓದುತ್ತಾನೆ. 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬಂಥ ಪದ ಎದುರಾದರೆ ಅವನಿಗೆ ಅದು ಬೇಲಿ. ಅದನ್ನು ಹಾರುವುದನ್ನು ಯಾರೂ ಕಲಿಸಿರಲಿಲ್ಲ, ನಾನೂ ಕಲಿಸಿರಲಿಲ್ಲ. ಟೋಕಿಯೊದ ಕುದುರೆ ನೆನಪಾಗಿ ನನಗೆ ನಾಚಿಕೆಯಾಯಿತು. ಬೇಲಿಯ ಮುಂದೆ ಬೆದರಿ ನಿಂತ ಪ್ರಾಣಿಗೆ ಹೊಡೆದವರನ್ನು ಭಾನುವಾರ ಖಂಡಿಸಿದವನು, ಸೋಮವಾರ ತಾನೇ ಅದನ್ನು ಮಾಡಿದ್ದೆ. ಕಾರಣವೂ ಕೇಸಿಯದೇ. ಸಿಆರ್‌ಪಿಯವರ ಮುಂದೆ ನನ್ನ ಹೆಸರು ಹೋದೀತೆಂಬ ಹೆದರಿಕೆ.

ಮರುದಿನ ಅದೇ ತರಗತಿಯಲ್ಲಿ, ಅದೇ ಮಕ್ಕಳ ಎದುರಿಗೆ ಅವನ ಕ್ಷಮೆ ಕೇಳಿದೆ. ಅವನು ತಲೆ ಎತ್ತಿ ನೋಡಲಿಲ್ಲ. ನೋಡಲೇಬೇಕೆಂದೇನೂ ಇಲ್ಲ. ದಿನವೂ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಒತ್ತಕ್ಷರ ಓದಿಸುತ್ತಿದ್ದೇನೆ. ಗುಂಪಿನಲ್ಲಿ ನಾನು ಒತ್ತಿದ್ದ ಆ ಹೆಬ್ಬೆರಳನ್ನೂ ತೆಗೆದಿದ್ದೇನೆ.

ಹಾಯುವ ರಥವನ್ನು ತಡೆಯುವಂತೆ ಏರಿದ ಸಿಟ್ಟನ್ನು ತಡೆಯಬಲ್ಲವನೇ ನಿಜವಾದ ಸಾರಥಿ, ಉಳಿದವರು ಬರಿದೇ ಲಗಾಮು ಹಿಡಿದವರು ಎಂಬ ಅರ್ಥದ ಮಾತು ಧಮ್ಮಪದದ ಕೋಧವಗ್ಗದಲ್ಲಿದೆ. ನಾವೆಲ್ಲ ಲಗಾಮು ಹಿಡಿದವರೇ. ಸಾರಥಿಗಳಾಗುವುದು ಇನ್ನೂ ಬಾಕಿ ಇದೆ.

*ಇಂದಿನ ಅಭ್ಯಾಸ*

1. ಹಿಂಸೆಯ ವಿಡಿಯೊ ಬಂದರೆ ಮೊದಲು ಮೂರು ಉಸಿರು ಗಮನಿಸೋಣ. ನೋವು ಕಂಡು ಕರಗಿದ ಮನಸ್ಸು ಎಲ್ಲಿ ಸಿಟ್ಟಾಗಿ ತಿರುಗುತ್ತದೆ ಎಂದು ನೋಡೋಣ.

2. ಆಮೇಲೆ ಕೇಳಿಕೊಳ್ಳೋಣ: ನನ್ನ ಮಾತಿನಿಂದ ಹೊಡೆತ ತಿಂದ ಜೀವಿಗೆ ಉಪಕಾರವಾಗುತ್ತದೆಯೇ, ಅಥವಾ ಹೊಡೆತ ತಿನ್ನುವವರ ಸಾಲಿಗೆ ಇನ್ನೊಬ್ಬರು ಸೇರುತ್ತಾರೆಯೇ? ಉಪಕಾರವಾಗುವ ದಾರಿ ಇದ್ದರೆ, ದೂರು ಕೊಡುವುದು, ನಿಯಮ ಬದಲಿಸಿ ಎಂದು ಕೇಳುವುದು ಇದ್ದರೆ, ಹಿಂಜರಿಯದೆ ಮಾಡೋಣ.

3. ನನ್ನ ಕೈಕೆಳಗಿರುವ ಯಾವ ಜೀವ ಇಂದು ಬೇಲಿಯ ಮುಂದೆ ಬೆದರಿ ನಿಂತಿದೆ? ಮಗುವೋ, ಮನೆಗೆಲಸದವರೋ, ವಯಸ್ಸಾದ ತಂದೆ ತಾಯಿಯೋ, ಕೊಟ್ಟಿಗೆಯ ಎತ್ತೋ? ಅವರಿಗೆ ಇಂದು ಒಂದು ಒತ್ತಕ್ಷರ ಕಲಿಸುವಷ್ಟು ತಾಳ್ಮೆ ಕೊಡೋಣ.

ಹೊಡೆತ ತಿಂದ ಕುದುರೆ ಸುಖವಾಗಿರಲಿ. ಹೊಡೆದ ಕೈಯ ಭಯ ಇಳಿಯಲಿ. ನೋಡಿ ಸಿಟ್ಟಾದ ನಮ್ಮ ಮನಸ್ಸು ತಣ್ಣಗಾಗಲಿ.

ಭವತು ಸಬ್ಬ ಮಂಗಲಂ. 🙏
ಸಾಧು! ಸಾಧು! ಸಾಧು!