ವೇದ ಮತ್ತು ಜುಗುಪ್ಸೆ: ಪಾಠಶಾಲೆಯ ಮುಂದಿರುವ ಒಂದು ಧರ್ಮಪ್ರಶ್ನೆ

ಬಸದಿಯ ಪಾಠಶಾಲೆಗಳಲ್ಲಿ ಮಕ್ಕಳು ಎಂಟು ಕರ್ಮಗಳನ್ನೂ ಅವುಗಳ ಭೇದಗಳನ್ನೂ ಕಂಠಪಾಠ ಮಾಡುತ್ತಾರೆ. ಚಾರಿತ್ರಮೋಹನೀಯದ ಪಾಠದಲ್ಲಿ ಹದಿನಾರು ಕಷಾಯಗಳ ತರುವಾಯ ಒಂಬತ್ತು ನೋಕಷಾಯಗಳ ಹೆಸರು ಬರುತ್ತದೆ: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಸ್ತ್ರೀವೇದ, ಪುರುಷವೇದ, ನಪುಂಸಕವೇದ. ಮೊದಲ ಆರಕ್ಕೆ ಗುರುಗಳು ಉದಾಹರಣೆಸಹಿತ ಅರ್ಥ ಹೇಳುತ್ತಾರೆ. ಕೊನೆಯ ಮೂರು ಬಂದಾಗ ಧ್ವನಿ ತಗ್ಗುತ್ತದೆ, ಪುಟ ಮಗುಚಿಬಿಡುತ್ತದೆ.

ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ಒಬ್ಬನೇ ಹಿಂದುಳಿದು, “ನನ್ನ ಮನಸ್ಸು ಹೆಣ್ಣಿನತ್ತ ಹರಿಯದೆ ಗಂಡಿನತ್ತಲೇ ಹರಿಯುತ್ತದೆ, ಇದು ಪಾಪವೇ ಗುರುಗಳೇ?” ಎಂದು ಕೇಳಿದನೆಂದು ಭಾವಿಸಬಹುದು. ಪುಟ ಮಗುಚಿದ ಗುರುವಿನ ಬಳಿ ಇದಕ್ಕೆ ಉತ್ತರವಿರುವುದಿಲ್ಲ. ಆದರೆ ಶಾಸ್ತ್ರದ ಬಳಿ ಇಲ್ಲವೆನ್ನಲಾಗದು.

ದೇಹದ ಲಿಂಗ ಬೇರೆ, ಮನಸ್ಸಿನ ಅಭಿಲಾಷೆ ಬೇರೆ ಎಂಬ ವಿವೇಚನೆ ಜೈನ ಕರ್ಮಸಿದ್ಧಾಂತದಲ್ಲಿ ಪ್ರಾಚೀನವಾದುದು. ದೇಹದ ಲಿಂಗವು ನಾಮಕರ್ಮದ ಉದಯದಿಂದ ಆಗುವಂಥದು, ಅದು ದ್ರವ್ಯವೇದ. ಅಭಿಲಾಷೆಯು ಮೋಹನೀಯ ಕರ್ಮದ ಉದಯದಿಂದ ಆಗುವಂಥದು; ಅದು ಭಾವವೇದ. ಪುರುಷನನ್ನು ಬಯಸುವ ಭಾವ ಸ್ತ್ರೀವೇದ, ಸ್ತ್ರೀಯನ್ನು ಬಯಸುವ ಭಾವ ಪುರುಷವೇದ, ಉಭಯರನ್ನೂ ಬಯಸುವ ಭಾವ ನಪುಂಸಕವೇದ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ, ಈ ಎರಡು ಬಗೆಯ ವೇದಗಳು ಬಹುಮಟ್ಟಿಗೆ ಸಮವಾಗಿರುತ್ತವೆಯಾದರೂ ಕೆಲವೆಡೆ ವಿಷಮವಾಗಿರುವುದೂ ಉಂಟೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಈ ಗ್ರಂಥಕ್ಕೆ 1359ರಲ್ಲಿಯೇ ಕೇಶವಣ್ಣನು ಕನ್ನಡದಲ್ಲಿ ‘ಜೀವತತ್ತ್ವಪ್ರದೀಪಿಕೆ’ಯೆಂಬ ವೃತ್ತಿಯನ್ನು ಬರೆದನು. ಕನ್ನಡ ನಾಡಿನ ಶ್ರಾವಕರಿಗೆ ಇದು ಹೊರಗಿನಿಂದ ಬಂದ ಹೊಸ ವಿಚಾರವೇನೂ ಅಲ್ಲ.

ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿ ಬಂದ ಷಟ್‌ಖಂಡಾಗಮದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಇನ್ನೂ ಎರಡು ಮಾತುಗಳನ್ನು ಸ್ಥಾಪಿಸಿದ್ದಾರೆ. ಒಂದು: ಕ್ರೋಧಾದಿ ಕಷಾಯಗಳು ಅಂತರ್ಮುಹೂರ್ತದಲ್ಲಿ ಬದಲಾಗುವಂತೆ ವೇದವು ಬದಲಾಗುವುದಿಲ್ಲ, ಅದರ ಉದಯ ಜನ್ಮದಿಂದ ಮರಣದವರೆಗೆ ಇರುತ್ತದೆ. ಎರಡು: ಆಗಮದಲ್ಲಿ ಮನುಷ್ಯಿನಿಗೆ ಹದಿನಾಲ್ಕು ಗುಣಸ್ಥಾನಗಳನ್ನು ಹೇಳಿರುವಲ್ಲಿ ಅರ್ಥ ಮಾಡಿಕೊಳ್ಳಬೇಕಾದುದು ಭಾವದಿಂದ ಸ್ತ್ರೀವೇದವುಳ್ಳ ಜೀವವನ್ನು. ಎಂದರೆ, ದೇಹದಿಂದ ಪುರುಷನಾಗಿದ್ದು ಭಾವದಿಂದ ಸ್ತ್ರೀವೇದವುಳ್ಳವನೂ ಮಹಾವ್ರತಿಯಾಗಿ, ಶ್ರೇಣಿಯನ್ನೇರಿ, ಮುಕ್ತನಾಗಬಲ್ಲನು. ಮೂರು ವೇದಗಳೂ ನಶಿಸುವುದು ಒಂಬತ್ತನೆಯ ಗುಣಸ್ಥಾನದಲ್ಲಿ. ಅಲ್ಲಿಯವರೆಗೆ ಎಲ್ಲರೂ ಒಂದಲ್ಲ ಒಂದು ವೇದಕ್ಕೆ ಒಳಗಾದವರೇ. ಮೋಕ್ಷದ ಬಾಗಿಲಲ್ಲಿ ಆಚಾರ್ಯರು ತಡೆಯದಿದ್ದವನನ್ನು ಪಾಠಶಾಲೆಯ ಬಾಗಿಲಲ್ಲಿ ತಡೆಯಲು ಶ್ರಾವಕರಿಗೆ ಅಧಿಕಾರವೆಲ್ಲಿಯದು?

ಪ್ರಾಚೀನ ಗ್ರಂಥಗಳಲ್ಲಿ ಕಠಿಣ ಮಾತುಗಳೂ ಇವೆಯೆಂಬುದನ್ನು ಮುಚ್ಚಿಡಬಾರದು. ನಪುಂಸಕವೇದದ ತಾಪವನ್ನು ಇಟ್ಟಿಗೆಯ ಆವಿಗೆಯ ಬೆಂಕಿಗೆ ಹೋಲಿಸಿ, ಅಂಥ ಚಿತ್ತವನ್ನು ಕಲುಷಿತವೆಂದು ಹೇಳಿದೆ. ಆದರೆ ಅದೇ ಸಂದರ್ಭದಲ್ಲಿ ಪುರುಷವೇದಕ್ಕೆ ಹುಲ್ಲಿನ ಬೆಂಕಿಯ, ಸ್ತ್ರೀವೇದಕ್ಕೆ ಬೆರಣಿಯ ಬೆಂಕಿಯ ಹೋಲಿಕೆಯೂ ಇದೆ. ತಂಪಾದ ವೇದವೆಂಬುದು ಒಂದೂ ಇಲ್ಲ.

ಇನ್ನು ಆ ವಿದ್ಯಾರ್ಥಿಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳನ್ನು ಅಣುವ್ರತಗಳ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಮೊದಲನೆಯ ಉತ್ತರ ‘ಛೀ’ ಎಂಬುದು. ನೋಕಷಾಯಗಳ ಪಟ್ಟಿಯಲ್ಲಿ ವೇದಕ್ಕಿಂತ ಮುಂಚೆ ಕುಳಿತಿರುವುದು ಜುಗುಪ್ಸೆ. ವಿದ್ಯಾರ್ಥಿಯ ಅಭಿಲಾಷೆ ಮೋಹನೀಯದ ಉದಯವಾದರೆ ಗುರುವಿನ ಅಸಹ್ಯವೂ ಅದೇ ಮೋಹನೀಯದ ಉದಯ. ಒಂದನ್ನು ಪಾಪವೆಂದು ಖರ್ಚಿಗೆ ಬರೆದು ಇನ್ನೊಂದನ್ನು ಧರ್ಮವೆಂದು ಜಮಾ ಮಾಡಿಕೊಳ್ಳುವುದು ಸುಳ್ಳು ಲೆಕ್ಕ. ಸಮ್ಯಗ್ದರ್ಶನದ ಅಂಗಗಳಲ್ಲಿ ನಿರ್ವಿಚಿಕಿತ್ಸೆಯನ್ನು ಹೇಳಿರುವುದು ಸುಮ್ಮನೆ ಅಲ್ಲ. ಇನ್ನು ‘ಛೀ’ ಎಂಬ ಮಾತು ಮನೆಗೆ ತಲುಪಿದ ಮೇಲೆ ಏನಾಗುತ್ತದೆ? ಕೋಣೆಯಲ್ಲಿ ಕೂಡಿಹಾಕುವುದು, ಹೊಡೆಯುವುದು, ಉಣಿಸದೆ ಶಿಕ್ಷಿಸುವುದು. ಬಂಧ, ವಧ, ಅನ್ನಪಾನನಿರೋಧಗಳೆಂದು ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಇವನ್ನೇ. ಪಶುವಿಗೆ ಮಾಡಬಾರದೆಂದು ಕಲಿತವರು ಹೆತ್ತ ಮಗನಿಗೆ ಮಾಡಬಹುದೇ?

ಎರಡನೆಯ ಉತ್ತರ ಮೇಲ್ನೋಟಕ್ಕೆ ಮೃದುವಾದುದು: ಗುರುಗಳು ಹುಡುಗನಿಗೆ ಏನೂ ಹೇಳದೆ ತಂದೆಗೆ ಹೇಳುತ್ತಾರೆ, ತಂದೆ ಟ್ರಸ್ಟಿನ ಹಿರಿಯರಿಗೆ ಹೇಳುತ್ತಾನೆ, ವಾರದೊಳಗೆ ಊರಿಗೆಲ್ಲ ತಿಳಿಯುತ್ತದೆ. ಏಕಾಂತದ ಮಾತನ್ನು ಹೊರಗೆಡಹುವುದು ರಹೋಭ್ಯಾಖ್ಯಾನವೆಂಬ ಅತಿಚಾರ. ನುಡಿದದ್ದು ನಿಜವೆಂಬ ಮಾತ್ರಕ್ಕೆ ಅದು ಸತ್ಯವ್ರತದೊಳಗೆ ಬರುವುದಿಲ್ಲ.

ಮೂರನೆಯ ಉತ್ತರ, “ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ” ಎಂಬುದು. ಇದು ಮಿಥ್ಯೋಪದೇಶ. ಜನ್ಮಾಂತದವರೆಗೆ ಇರುವುದೆಂದು ಧವಲಾ ಹೇಳುವ ವೇದವು ಕಲ್ಯಾಣಮಂಟಪದಲ್ಲಿ ಅಕ್ಷತೆ ಬಿದ್ದೊಡನೆ ಮಾರ್ಪಡುವುದಿಲ್ಲ. ಅಂಗಡಿಯಲ್ಲಿ ತೂಕ ಅಳತೆಗಳಲ್ಲಿ ಕೂದಲೆಳೆಯಷ್ಟೂ ತಪ್ಪದ ಮನೆತನಗಳು ಬೀಗತನದಲ್ಲಿ ತಿಳಿದೂ ತಿಳಿದೂ ಇಷ್ಟು ದೊಡ್ಡ ಸಂಗತಿಯನ್ನು ಮುಚ್ಚಿಡುತ್ತವೆ. ಅದರ ಬೆಲೆಯನ್ನು ತೆರುವವಳು ಏನೂ ಅರಿಯದೆ ಬಂದ ಸೊಸೆ. ದೋಷ ತನ್ನಲ್ಲೇ ಇದೆಯೆಂದು ಆಕೆ ವರ್ಷಗಟ್ಟಲೆ ಕೊರಗುತ್ತಾಳೆ. ಒಬ್ಬನ ಹೊರೆಯನ್ನು ಇಳಿಸಲಾರದೆ ಇಬ್ಬರ ಮೇಲೆ ಹೇರುವ ಕಾರ್ಯಕ್ಕೆ ಅತಿಭಾರಾರೋಪಣವೆಂಬ ಹೆಸರು ಒಪ್ಪುತ್ತದೆ. ಮಗಳ ವಿಷಯದಲ್ಲಿಯೂ ನ್ಯಾಯ ಇದೇ. ಬಲವಂತದ ತೂಕ ಅಲ್ಲಿ ಇನ್ನೂ ಹೆಚ್ಚು.

ಲೋಕದ ಜ್ಞಾನವೂ ಈ ದಿಕ್ಕಿನಲ್ಲಿಯೇ ಸಾಗಿಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಅದನ್ನು ‘ಬದಲಿಸುವ’ ಚಿಕಿತ್ಸೆಯನ್ನು ವೃತ್ತಿದುರ್ನಡತೆಯೆಂದು ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ತಿಳಿಸಿತು. 1860ರ ದಂಡಸಂಹಿತೆಯ 377ನೆಯ ಕಲಮಿನ ವಿಷಯದಲ್ಲಿ 2009ರ ದೆಹಲಿ ಉಚ್ಚ ನ್ಯಾಯಾಲಯದ ತೀರ್ಪನ್ನು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತಾದರೂ, 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠವು ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ನಿರ್ಣಯಿಸಿತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ನ್ಯಾಯಾಲಯದ ತೀರ್ಪಿನಿಂದ ಧರ್ಮ ನಿರ್ಣಯವಾಗದು, ನಿಜ. ಆದರೆ ವೈದ್ಯರು ರೋಗವಲ್ಲವೆಂದದ್ದನ್ನು ರೋಗವೆಂದೂ, ಕಾನೂನು ಅಪರಾಧವಲ್ಲವೆಂದದ್ದನ್ನು ಅಪರಾಧವೆಂದೂ ಮಕ್ಕಳಿಗೆ ಹೇಳುವುದು ಧರ್ಮಬೋಧೆಯೆನಿಸುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಇಂಥ ಪಾಠದಿಂದ ಮಕ್ಕಳಲ್ಲಿ ಇಲ್ಲದ ಭಾವ ಹುಟ್ಟೀತೆಂಬುದು ಮೊದಲನೆಯದು. ಕ್ರೋಧದ ಲಕ್ಷಣ ಕಲಿತವನು ಅದರಿಂದ ಕೋಪಿಷ್ಠನಾಗುವುದಿಲ್ಲ. ವೇದವು ಕರ್ಮೋದಯದಿಂದ ಬರುತ್ತದೆ, ಪಾಠದಿಂದ ಬರುವುದಿಲ್ಲ.

ಎರಡನೆಯ ಆಕ್ಷೇಪ ಗಂಭೀರವಾದುದು. ಗೃಹಸ್ಥನ ಬ್ರಹ್ಮಚರ್ಯಾಣುವ್ರತಕ್ಕೆ ಸ್ವದಾರಸಂತೋಷವೇ ಸೀಮೆ, ಅನಂಗಕ್ರೀಡೆ ಅತಿಚಾರ. ಹಾಗಿರುವಾಗ ಸಲಿಂಗ ಸಂಬಂಧವನ್ನು ಪಾಠಶಾಲೆ ಸಮ್ಮತಿಸಬಹುದೇ? ಅಭಿಲಾಷೆಯ ಉದಯ ಬೇರೆ, ಆಚರಣೆ ಬೇರೆ ಎಂಬ ಭೇದವನ್ನು ಇಲ್ಲಿ ಮರೆಯಬಾರದು. ಉದಯಕ್ಕಾಗಿ ಯಾರನ್ನೂ ನಿಂದಿಸಲಾಗದು. ಆಚರಣೆಯ ಸೀಮೆಯ ಕುರಿತು ಮುನಿಗಳೂ ವಿದ್ವಾಂಸರೂ ಕುಳಿತು ಚರ್ಚಿಸಲಿ; ಒಬ್ಬರಿಗೊಬ್ಬರು ನಿಷ್ಠರಾಗಿ ಬಾಳುವ ಇಬ್ಬರ ಸಂಯಮಕ್ಕೆ ಶ್ರಾವಕಾಚಾರದಲ್ಲಿ ಯಾವ ಸ್ಥಾನವೆಂಬುದು ಅವರ ಮುಂದಿಡಲು ಯೋಗ್ಯವಾದ ಪ್ರಶ್ನೆ. ಅಲ್ಲಿಯವರೆಗೆ ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕು. ಅನಂಗಕ್ರೀಡೆಯ ಪಕ್ಕದಲ್ಲಿಯೇ ಕಾಮತೀವ್ರಾಭಿನಿವೇಶವನ್ನೂ ಸೂತ್ರವು ಅತಿಚಾರವೆಂದು ಹೇಳಿದೆ. ಅದರ ಬಗ್ಗೆ ವಿವಾಹಿತರನ್ನು ಎಂದೂ ಪ್ರಶ್ನಿಸದ ಸಮಾಜವು ಒಬ್ಬ ಹುಡುಗನ ಮೇಲೆ ಮಾತ್ರ ಇಡೀ ಬ್ರಹ್ಮಚರ್ಯದ ಭಾರ ಹೊರಿಸುವುದು ನ್ಯಾಯವಲ್ಲ.

ಟ್ರಸ್ಟುಗಳು ಮಾಡಬಹುದಾದುದು ದೊಡ್ಡದೇನಲ್ಲ. ವಯಸ್ಸಿಗೆ ಬಂದ ಮಕ್ಕಳಿಗೆ ಒಂಬತ್ತು ನೋಕಷಾಯಗಳನ್ನೂ ಪೂರ್ಣವಾಗಿ ಪಾಠ ಹೇಳಿಸಲಿ. ನಂಬಿ ಹೇಳಿಕೊಂಡ ಮಾತನ್ನು ಗುಪ್ತವಾಗಿಡುವ ನಿಯಮವನ್ನು ಗುರುಗಳಿಗೆ ವಿಧಿಸಲಿ. ಹಾಸ್ಯಕ್ಕಾಗಿ ಯಾವ ಮಗುವನ್ನೂ ಹೀಯಾಳಿಸದಂತೆ ನೋಡಿಕೊಳ್ಳಲಿ, ಹಾಸ್ಯವೂ ನೋಕಷಾಯವೇ.

ಆ ಹುಡುಗ ಇನ್ನೂ ಉತ್ತರಕ್ಕಾಗಿ ನಿಂತಿದ್ದಾನೆ. “ಮಗೂ, ಇದು ನೀನು ಮಾಡಿದ ಪಾಪವಲ್ಲ. ಎಲ್ಲರಂತೆ ನಿನಗೂ ಒಂದು ಕರ್ಮದ ಉದಯ. ಸತ್ಯವನ್ನೂ ಸಂಯಮವನ್ನೂ ಎಲ್ಲರೂ ಕಲಿಯುವಂತೆ ನೀನೂ ಕಲಿ. ನಾಳೆಯೂ ಪಾಠಕ್ಕೆ ಬಾ” ಎಂದರೆ ಅಲ್ಲಿ ಸ್ಥಿತೀಕರಣವೂ ಆಯಿತು, ವಾತ್ಸಲ್ಯವೂ ಆಯಿತು. ಮರುದಿನ ಅವನು ಬರುವನೋ ಇಲ್ಲವೋ ಎಂಬುದು ಆ ನಾಲ್ಕು ಮಾತುಗಳ ಮೇಲೆ ನಿಂತಿದೆ. ಎಷ್ಟೋ ವೇಳೆ ಅವನು ಬದುಕಿ ಉಳಿಯುವನೋ ಇಲ್ಲವೋ ಎಂಬುದೂ ಅವುಗಳ ಮೇಲೆಯೇ ನಿಂತಿರುತ್ತದೆ.