ತೊಗಟೆಯೊಳಗಿನ ಲೆಕ್ಕ

ಮರದ ಬುಡದ ಸುತ್ತ ನಾಲ್ಕು ಬೆರಳಗಲದ ತೊಗಟೆಯನ್ನು ಬಳೆಯಂತೆ ಸುಲಿದು ತೆಗೆದರೆ ಮರ ಸಾಯುತ್ತದೆ. ತಿಪಟೂರಿನ ನಮ್ಮ ಕಡೆ ಇದು ಯಾರಿಗೂ ಹೊಸ ವಿಷಯವಲ್ಲ. ಆದರೆ ಅದು ಯಾವ ಕ್ರಮದಲ್ಲಿ ಸಾಯುತ್ತದೆ ಎಂಬುದನ್ನು ನಾನು ಗಮನಿಸಿದ್ದು ಕಾಪೆಲ್‌ಗೆ ಬಂದ ಮೇಲೆ. ನಮ್ಮ ಬೀದಿಯ ಕಾಲುದಾರಿಯ ಪಕ್ಕ ಒಂದು ಎಳೆಯ ಓಕ್ ಮರವಿತ್ತು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ವಾರವಾರವೂ ತಾಗಿ ತಾಗಿ ಅದರ ಬುಡದ ತೊಗಟೆ ಸುತ್ತಲೂ ಹೋಗಿತ್ತು. ಆ ಬೇಸಿಗೆಯೆಲ್ಲ ಮರ ಹಸಿರಾಗಿಯೇ ಇತ್ತು. ಮುಂದಿನ ವಸಂತದಲ್ಲಿ ಚಿಗುರಿತು ಕೂಡ. ಆಮೇಲೆ ಒಂದೇ ತಿಂಗಳಲ್ಲಿ ಒಣಗಿತು.

ನಾನು ಕಾಮರ್ಸಿನವನು. ಜೀವಶಾಸ್ತ್ರದ ನಂಟು ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಮಗಳ ಪಠ್ಯಪುಸ್ತಕ ತೆಗೆದು ಓದಿದಾಗ ತಿಳಿದದ್ದು ಇಷ್ಟು. ಮರದೊಳಗೆ ಎರಡು ಬಗೆಯ ಕೊಳವೆಗಳಿವೆ. ಒಳಗಿನದು ಕ್ಸೈಲಂ, ಬೇರಿನಿಂದ ನೀರನ್ನು ಮೇಲಕ್ಕೆ ಒಯ್ಯುತ್ತದೆ. ಅದಕ್ಕೆ ಪಂಪಿಲ್ಲ. ಎಲೆಯಿಂದ ನೀರು ಆವಿಯಾದ ಹಾಗೆಲ್ಲ, ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳ ಸರಪಳಿ ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು ಬರುತ್ತದೆ. 1890ರ ದಶಕದಲ್ಲಿ ಐರ್ಲೆಂಡಿನ ಡಿಕ್ಸನ್ ಮತ್ತು ಜಾಲಿ ಹೇಳಿದ ಮಾತಿದು. ನಮ್ಮ ಜಗದೀಶಚಂದ್ರ ಬೋಸರು ಇದನ್ನು ಒಪ್ಪಲಿಲ್ಲ. ಜೀವಂತ ಕೋಶಗಳ ಮಿಡಿತವೇ ನೀರನ್ನು ಏರಿಸುತ್ತದೆ ಎಂದು 1923ರಲ್ಲಿ ಪುಸ್ತಕವನ್ನೇ ಬರೆದರು. ವಿಜ್ಞಾನ ಡಿಕ್ಸನ್ ಕಡೆಗೇ ವಾಲಿತು. ಏಕೆಂದರೆ ಆ ಕೊಳವೆಯ ಕೋಶಗಳಿಗೆ ಜೀವವೇ ಇಲ್ಲ. ಅವು ಬೆಳೆದು, ಗೋಡೆ ಗಟ್ಟಿ ಮಾಡಿಕೊಂಡು, ಒಳಗಿರುವುದನ್ನೆಲ್ಲ ಖಾಲಿ ಮಾಡಿ ಸತ್ತ ಮೇಲೆಯೇ ನೀರಿಗೆ ದಾರಿಯಾಗುತ್ತವೆ. ಇದನ್ನು ಓದಿ ಅಪ್ಪ ನೆನಪಾದರು ಎಂದು ಬರೆದರೆ ಅತಿಯಾದೀತು. ನೆನಪಾದದ್ದಂತೂ ನಿಜ.

ಇನ್ನೊಂದು ಕೊಳವೆ ಫ್ಲೋಯಂ. ಅದು ತೊಗಟೆಯ ಒಳಮೈಗೆ ಅಂಟಿಕೊಂಡೇ ಇದೆ, ಜೀವಂತವಾಗಿದೆ. ಎಲೆ ಮಾಡಿದ ಸಕ್ಕರೆ ಓಡಾಡುವುದು ಅದರಲ್ಲಿ. ಸಕ್ಕರೆ ತುಂಬಿದ ಕಡೆ ನೀರು ನುಗ್ಗಿ ಒತ್ತಡ ಏರುತ್ತದೆ, ಸಕ್ಕರೆ ಇಳಿಸಿಕೊಂಡ ಕಡೆ ಒತ್ತಡ ತಗ್ಗುತ್ತದೆ, ಈ ಅಂತರದಿಂದಲೇ ರಸ ಹರಿಯುತ್ತದೆ ಎಂದು ಜರ್ಮನಿಯ ಮ್ಯೂಂಖ್ 1930ರಲ್ಲಿ ವಿವರಿಸಿದ. ನನ್ನ ಗಮನ ಸೆಳೆದದ್ದು ಒತ್ತಡವಲ್ಲ, ದಿಕ್ಕು. ಬೇಸಿಗೆಯಲ್ಲಿ ಎಲೆ ಕೊಡುತ್ತದೆ, ಬೇರು ಪಡೆಯುತ್ತದೆ. ಎಲೆ ಉದುರಿಸುವ ಮರಗಳಲ್ಲಿ ಚಳಿಗಾಲ ಕಳೆದ ಮೇಲೆ ಬೇರು, ಕಾಂಡಗಳ ದಾಸ್ತಾನು ಚಿಗುರಿಗೆ ಹೋಗುತ್ತದೆ. ಎಳೆಯ ಎಲೆ ಮೊದಲು ಪಡೆಯುತ್ತದೆ, ಬೆಳೆದ ಮೇಲೆ ಕೊಡುತ್ತದೆ. ಒಮ್ಮೆ ಕೊಡುವುದಕ್ಕೆ ತೊಡಗಿದ ಎಲೆ ಮತ್ತೆ ಪಡೆಯುವುದಿಲ್ಲ. ಅದನ್ನು ನೆರಳಿನಲ್ಲಿಟ್ಟರೂ ಅಕ್ಕಪಕ್ಕದ ಎಲೆಗಳ ಸಕ್ಕರೆ ಅದಕ್ಕೆ ಬರುವುದಿಲ್ಲ. ಕೆಲಸ ಹೋದದ್ದನ್ನು ಮನೆಗೆ ಹೇಳದೆ, ಕ್ರೆಡಿಟ್ ಕಾರ್ಡಿನ ಮೇಲೆ ಸಾಲ ಎತ್ತಿ ಊರಿಗೆ ಎಂದಿನಂತೆ ಹಣ ಕಳಿಸಿದ ಇಬ್ಬರನ್ನು ನಾನು ಬಲ್ಲೆ. ಅವರ ತೆರಿಗೆ ಕಾಗದ ತುಂಬಿದವನು ನಾನೇ.

ತೊಗಟೆ ಸುಲಿದಾಗ ಹೋಗುವುದು ಫ್ಲೋಯಂ ಮಾತ್ರ. ನೀರು ಏರುತ್ತಲೇ ಇರುತ್ತದೆ, ಎಲೆ ನಗುತ್ತಲೇ ಇರುತ್ತದೆ. ಹದಿನೇಳನೆಯ ಶತಮಾನದಲ್ಲಿ ಇಟಲಿಯ ಮಾಲ್ಪಿಘಿ ಹೀಗೆ ಸುಲಿದು ನೋಡಿದಾಗ ಗಾಯದ ಮೇಲ್ಭಾಗ ಊದಿಕೊಂಡಿತ್ತು. ಕೆಳಗೆ ಹೋಗಬೇಕಾದದ್ದು ಅಲ್ಲೇ ನಿಂತಿತ್ತು. ಬೇರು ತನ್ನ ದಾಸ್ತಾನನ್ನು ಕರಗಿಸುತ್ತಾ ನೀರು ಕಳಿಸುತ್ತದೆ, ದಾಸ್ತಾನು ಮುಗಿದ ದಿನ ನಿಲ್ಲಿಸುತ್ತದೆ. ನಮ್ಮ ವೃತ್ತಿಯಲ್ಲಿ ಗೋಯಿಂಗ್ ಕನ್ಸರ್ನ್ ಎಂಬ ಮಾತಿದೆ. ಲಾಭ ತೋರಿಸುವ ಸಂಸ್ಥೆಯಾದರೂ ಅದು ಮುಂದೆಯೂ ನಡೆದೀತೇ ಎಂದು ಆಡಿಟರ್ ಕೇಳಲೇಬೇಕು. ಆ ಓಕ್ ಮರದ ಲೆಕ್ಕ ಕೊಟ್ಟಿದ್ದರೆ ಬೇಸಿಗೆಯಲ್ಲೇ ನಾನು ಸಹಿ ಹಾಕುತ್ತಿರಲಿಲ್ಲ.

ಇದನ್ನೆಲ್ಲ ಆಸ್ಟಿನ್‌ನಲ್ಲಿರುವ ಗೆಳೆಯನಿಗೆ ಹೇಳಿದೆ. ಅವನು ಎಂಜಿನಿಯರ್, ಎಲ್ಲಕ್ಕೂ ಒಂದು ಸ್ಪ್ರೆಡ್‌ಶೀಟ್ ಇಟ್ಟಿರುವವನು. ಅಪ್ಪ ತನ್ನ ಓದಿಗೆ ಹಾಕಿದ ದುಡ್ಡಿಗೆ ಬ್ಯಾಂಕಿನ ಬಡ್ಡಿ ಸೇರಿಸಿ, ತಾನು ಕಳಿಸಿದ್ದನ್ನೆಲ್ಲ ಕಳೆದು, “ನನ್ನ ಲೆಕ್ಕ ಎಂದೋ ಚುಕ್ತಾ ಆಗಿದೆ ಕಣೋ” ಎಂದ. “ಋಣ ಋಣ ಅಂತೀರಲ್ಲ, ಋಣಕ್ಕೂ ಒಂದು ಕೊನೆ ಬೇಡವಾ? ಕೊನೆಯಿಲ್ಲದ ಸಾಲಕ್ಕೆ ಜೀತ ಅಂತಾರೆ. ಅಲ್ಲದೆ ನಾವು ಎಲೆಗಳೂ ಅಲ್ಲ, ಕಡ್ಡಿಗಳು. ಕಿತ್ತು ತಂದು ಬೇರೆ ಕಡೆ ನೆಟ್ಟಾಗಿದೆ. ನಮಗೀಗ ನಮ್ಮದೇ ಬೇರಿದೆ, ಸಕ್ಕರೆ ಅದಕ್ಕೆ ಹೋಗಬೇಕು.” ಅವನ ಕಿಟಕಿಯ ಬಳಿ ಹ್ಯೂಸ್ಟನ್‌ನ ಸ್ನೇಹಿತರ ಮನೆಯಿಂದ ತಂದ ದಾಸವಾಳದ ಕಡ್ಡಿ ಚಿಗುರಿ ನಿಂತಿತ್ತು. ವಾದಕ್ಕೆ ಸಾಕ್ಷಿ ಎದುರಿಗೇ ಇತ್ತು.

ಜೀತದ ಮಾತು ನನ್ನನ್ನು ಬಹಳ ದಿನ ಕಾಡಿತು. ಮರದಲ್ಲಿ ಹೀಗಿದೆ ಎಂಬ ಕಾರಣಕ್ಕೆ ಮನುಷ್ಯ ಹೀಗಿರಬೇಕು ಎನ್ನಲಾಗದು. ಎಲೆಗೆ ಆಯ್ಕೆಯಿಲ್ಲ, ನಮಗಿದೆ. ಆದರೆ ಅವನ ಕಡ್ಡಿಯನ್ನೇ ನೋಡಿ. ನೆಟ್ಟ ಕಡ್ಡಿಗೆ ಬೇರೊಡೆಯುವ ತನಕ ಅದು ಬದುಕುವುದು ಹೆಚ್ಚಾಗಿ ತಾಯಿಗಿಡದಲ್ಲಿದ್ದಾಗ ಕೂಡಿಟ್ಟ ಆಹಾರದ ಮೇಲೆ. ಆ ದಾಸ್ತಾನನ್ನು ಲೆಕ್ಕದಲ್ಲಿ ಎಲ್ಲಿ ಬರೆಯುವುದು? ಗೆಳೆಯ ಅದನ್ನು ಸಾಲ ಎಂದು ಬರೆದುಕೊಂಡ. ಹಾಗಾಗಿ ಬಡ್ಡಿ ಹಾಕಿದ, ತೀರಿಸಿದ, ಕಡತ ಮುಚ್ಚಿದ. ನನ್ನ ಪ್ರಕಾರ ಅದು ಬಂಡವಾಳ. ಸಾಲವೂ ಬಂಡವಾಳವೂ ಬ್ಯಾಲೆನ್ಸ್ ಶೀಟಿನ ಒಂದೇ ಬದಿಯಲ್ಲಿ ಕೂರುತ್ತವೆ, ಹಾಗಾಗಿ ಗೊಂದಲ ಸಹಜ. ಆದರೆ ಬಂಡವಾಳಕ್ಕೆ ಗಡುವಿಲ್ಲ, ಕಟ್ಟಲೇಬೇಕಾದ ಬಡ್ಡಿಯಿಲ್ಲ. ವ್ಯವಹಾರ ನಡೆಯುವಷ್ಟು ಕಾಲ ಅದನ್ನು ತೀರಿಸುವ ಪ್ರಶ್ನೆಯೇ ಏಳುವುದಿಲ್ಲ. ಹಾಕಿದವರಿಗೆ ಇರುವುದು ಬೇರೆಯೇ ಒಂದು ಹಕ್ಕು. ವ್ಯವಹಾರ ಹೇಗೆ ನಡೆಯುತ್ತಿದೆ ಎಂದು ಕೇಳುವ ಹಕ್ಕು, ನಿಜವಾದ ಲೆಕ್ಕ ನೋಡುವ ಹಕ್ಕು. ಜೀತದಾಳಿಗೆ ಒಡೆಯ ಈ ಪ್ರಶ್ನೆ ಕೇಳುವುದಿಲ್ಲ, ದುಡಿಮೆಯನ್ನು ಮಾತ್ರ ಕೇಳುತ್ತಾನೆ.

ಇದು ಎರಡೂ ಕಡೆಗೆ ಅನ್ವಯಿಸುವ ಮಾತು. ಬಂಡವಾಳವನ್ನೇ ಕರಗಿಸಿ ಡಿವಿಡೆಂಡ್ ಹಂಚಕೂಡದು ಎಂಬುದು ಕಂಪನಿ ಕಾನೂನಿನ ಹಳೆಯ ಪಾಠ. ಕೆಲಸ ಕಳೆದುಕೊಂಡೂ ಕಳಿಸಿದ ಆ ಇಬ್ಬರು ಮಾಡಿದ್ದು ಅದನ್ನೇ. ಅವರ ಮನೆಯವರು ದುರಾಸೆಯವರಲ್ಲ. ಅವರ ಎದುರು ಯಾರೂ ಲೆಕ್ಕ ಬಿಚ್ಚಿಟ್ಟಿರಲಿಲ್ಲ, ಅಷ್ಟೆ. ದುಡ್ಡು ಹೋಗುತ್ತಿತ್ತು, ಸುದ್ದಿ ಹೋಗುತ್ತಿರಲಿಲ್ಲ.

ಗೆಳೆಯ ಎಲ್ಲ ಕೇಳಿಸಿಕೊಂಡು, “ಸರಿ, ನಿಮ್ಮಣ್ಣನ್ನ ಯಾವ ಕಾಲಂಗೆ ಹಾಕ್ತೀಯ?” ಎಂದ. ಅಲ್ಲಿ ನನ್ನ ಲೆಕ್ಕಶಾಸ್ತ್ರ ನಿಂತಿತು. ಫ್ಲೋಯಂನ ಕೊಳವೆಯ ಕೋಶಕ್ಕೆ ಕೋಶಕೇಂದ್ರವಿಲ್ಲ. ಅದನ್ನು ಬದುಕಿಸುವುದು ಪಕ್ಕಕ್ಕೆ ಅಂಟಿಕೊಂಡಿರುವ ಸಂಗಾತಿ ಕೋಶ. ನಾನು ಕಳಿಸಿದ್ದು ಅಮ್ಮನ ಮಾತ್ರೆಯಾಗುವುದು, ಆಸ್ಪತ್ರೆಯ ಸರದಿಯಲ್ಲಿ ಬೆಳಗಿನಿಂದ ನಿಲ್ಲುವ ಒಬ್ಬ ಮನುಷ್ಯನಾಗುವುದು ಅಣ್ಣನಿಂದ. ಅವನಿಗೆ ಅದು ಸಂಬಳವಲ್ಲ, ಹೂಡಿಕೆಯೂ ಅಲ್ಲ. ಒಮ್ಮೆ ದುಡ್ಡಿನ ಮಾತೆತ್ತಿದಾಗ, “ಸುಮ್ನಿರಪ್ಪ, ತೋಟ ನೋಡ್ಕೊಂಡಿದೀನಿ ಸಾಕು” ಎಂದಿದ್ದ.

ನಮ್ಮ ತೋಟದ್ದು ತೆಂಗು. ತೆಂಗಿನ ಮರವನ್ನು ಬಳೆ ಸುಲಿದು ಕೊಲ್ಲಲಾಗದು. ಅದರ ಕೊಳವೆಗಳು ತೊಗಟೆಯ ಕೆಳಗೆ ಒಂದೇ ಸುತ್ತಿನಲ್ಲಿಲ್ಲ, ಕಂಬದ ಅಡ್ಡಗಲಕ್ಕೂ ಸಾವಿರಾರು ಎಳೆಗಳಾಗಿ ಹರಡಿವೆ. ಹತ್ತಲು ಕಚ್ಚು ಹೊಡೆದ ಮರವೂ ವರ್ಷಗಟ್ಟಲೆ ಕಾಯಿ ಬಿಡುತ್ತದೆ. ಗಾಯ ಮಾತ್ರ ಕೂಡುವುದಿಲ್ಲ, ಕೊನೆಯವರೆಗೂ ಹಾಗೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಅಕ್ಕನೂ ಇದ್ದಾಳೆ, ಭಾವನೂ ಇದ್ದಾರೆ. ಈಗ ತಿಂಗಳಿಗೊಂದು ಸಲ ಎಲ್ಲರೂ ಫೋನಿನಲ್ಲಿ ಸೇರಿ ಯಾರ ಪಾಲಿಗೆ ಯಾವ ಕೆಲಸ ಎಂದು ಮಾತಾಡುತ್ತೇವೆ. ಅಣ್ಣ ಮೊದಲಿಗೆ ಇದನ್ನು ಅವಮಾನ ಎಂದುಕೊಂಡ. ಈಗ ವಾರಕ್ಕೊಂದು ದಿನ ಅಮ್ಮನನ್ನು ಅಕ್ಕನಿಗೆ ಒಪ್ಪಿಸಿ ಅರಸೀಕೆರೆಗೆ ಹೋಗಿ ಬರುತ್ತಾನೆ. ಏನಕ್ಕೆ ಎಂದು ನಾವು ಕೇಳುವುದಿಲ್ಲ.

ಅಮ್ಮನಿಗೆ ನಾನು ಈಗ ಲೆಕ್ಕವನ್ನೂ ಒಪ್ಪಿಸುತ್ತೇನೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದರ ಬದಲು ಮನೆ ಕಂದಾಯವೇ ಜೀವ ಹಿಂಡುತ್ತದೆ ಎಂದು ವಿವರಿಸಿ, ಈ ವರ್ಷ ಕಟ್ಟಿದ್ದನ್ನು ರೂಪಾಯಿಯಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಅಷ್ಟು ದುಡ್ಡು ಕಟ್ಟಿಸ್ಕೊಂಡು ನೀರಾದ್ರೂ ಸರಿಯಾಗಿ ಬಿಡ್ತಾರೇನಪ್ಪ?”

ನೀರಿಗೆ ಬೇರೆ ಬಿಲ್ಲು ಬರುತ್ತಮ್ಮ ಎಂದೆ.